ಎಎವಿಎಸ್‌ಒ ನಕ್ಷತ್ರ ನಕ್ಷೆ: ಎರಡು ಚಳಿಗಾಲ ಬಳಸಿದ ಮೇಲೆ

ಕೆಂಪು ದೈತ್ಯ ನಕ್ಷತ್ರಗಳ ಅಧ್ಯಯನ ಅಂದ್ರೆ ದೊಡ್ಡ ದುರ್ಬೀನು ಇರುವವರ ಕೆಲಸ ಅಂತ ಸುಮ್ನೆ ಕೂತಿದ್ದೀರಾ? ಹಾಗಾದರೆ ಇದು ನಿಮಗೇ. ಬೆಳಕು ಏರಿಳಿಯುವ ನಕ್ಷತ್ರಗಳ ಲೆಕ್ಕ ಇಡಲೆಂದೇ ಅಮೆರಿಕದಲ್ಲಿ 1911ರಲ್ಲಿ ಶುರುವಾದ ಸಂಸ್ಥೆ ಎಎವಿಎಸ್‌ಒ. ಅದರ ವೆಬ್‌ಸೈಟಿನಲ್ಲಿ ನಕ್ಷೆ ಪುಕ್ಕಟೆ, ಹಳೆಯ ದಾಖಲೆಯೂ ಪುಕ್ಕಟೆ. ಎರಡು ಚಳಿಗಾಲದಿಂದ ಆ ನಕ್ಷೆ ಹಿಡಿದು, 10×50 ಬೈನಾಕ್ಯುಲರ್‌ನಲ್ಲಿ ಮೀರಾ ಅನ್ನುವ ಕೆಂಪು ದೈತ್ಯ ನಕ್ಷತ್ರವನ್ನು ನೋಡುತ್ತಿದ್ದೇನೆ.

ನಕ್ಷತ್ರದ ಹೆಸರು ಹಾಕಿ 'ಎ' ಅಳತೆ ಆರಿಸಿದರೆ 15 ಡಿಗ್ರಿ ಅಗಲದ ಆಕಾಶ ಬರುತ್ತದೆ. ಬೈನಾಕ್ಯುಲರ್‌ಗೆ ಇದೇ ಸರಿ. ಕೆಲವು ಚುಕ್ಕೆಗಳ ಪಕ್ಕ 54, 63 ಈ ಥರ ಅಂಕಿಗಳಿರುತ್ತವೆ. ಅವು ನಕ್ಷತ್ರದ ನಂಬರ್ ಅಲ್ಲ, 5.4, 6.3 ಅನ್ನುವ ಕಾಂತಿಮಾನ, ಅಂದರೆ ಬೆಳಕಿನ ಅಳತೆ; ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ದಶಮಾಂಶದ ಚುಕ್ಕೆಯನ್ನು ಯಾರಾದರೂ ಇನ್ನೊಂದು ನಕ್ಷತ್ರ ಅಂದುಕೊಂಡಾರು ಅಂತ ಅದನ್ನೇ ತೆಗೆದಿದ್ದಾರೆ! ಮೀರಾ ಯಾವುದಕ್ಕಿಂತ ಮಂಕು, ಯಾವುದಕ್ಕಿಂತ ಪ್ರಕಾಶ ಅಂತ ಹೋಲಿಸಿ ಅಂದಾಜು ಮಾಡಿದರಾಯಿತು. ಆದರೆ ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತಾ ನಿಂತರೆ ಅದು ಇರುವುದಕ್ಕಿಂತ ಜಾಸ್ತಿ ಬೆಳಗಿದ ಹಾಗೆ ಕಾಣುತ್ತದೆ. ಒಮ್ಮೆ ನೋಡಿ ತಕ್ಷಣ ಕಣ್ಣು ಪಕ್ಕಕ್ಕೆ ತಿರುಗಿಸಿ, ಮತ್ತೆ ನೋಡಿ.

ಇದರಿಂದ ಏನು ಉಪಯೋಗ ಅಂತ ಕೇಳುತ್ತಾರೆ. ಮೀರಾ ಸುಮಾರು 332 ದಿನಕ್ಕೊಮ್ಮೆ ಉಬ್ಬಿ ಕುಗ್ಗುವ ನಕ್ಷತ್ರ. ಆ ಉಬ್ಬರದಲ್ಲಿ ಮೇಲೆದ್ದ ಅನಿಲ ತಣಿದು ದೂಳಾಗುತ್ತದೆ, ನಕ್ಷತ್ರದ ಬೆಳಕೇ ಆ ದೂಳನ್ನು ಹೊರಗೆ ತಳ್ಳುತ್ತದೆ, ದೂಳು ತನ್ನ ಜೊತೆ ಅನಿಲವನ್ನೂ ಎಳೆದುಕೊಂಡು ಹೋಗುತ್ತದೆ. ಹೀಗೆ ಸೋರಿಹೋದದ್ದು 13 ಜ್ಯೋತಿರ್ವರ್ಷ ಉದ್ದದ ಬಾಲವಾಗಿ ಹಿಂದೆ ಬಿದ್ದಿರುವುದನ್ನು 2007ರಲ್ಲಿ ಗ್ಯಾಲೆಕ್ಸ್ ದೂರದರ್ಶಕ ತೋರಿಸಿತು. ದೊಡ್ಡ ದುರ್ಬೀನಿನಲ್ಲಿ ಇದರ ವಾತಾವರಣ ನೋಡುವ ವಿಜ್ಞಾನಿಗೆ, ಆ ದಿನ ಮೀರಾ ಏರುತ್ತಿತ್ತಾ ಇಳಿಯುತ್ತಿತ್ತಾ ಅಂತ ಗೊತ್ತಿರಬೇಕಲ್ವಾ? ಅದಕ್ಕೆ ನಮ್ಮಂಥವರ ಅಂದಾಜುಗಳು ಬೇಕು.

ಬೆಳಕಿನ ಗ್ರಾಫ್ ತೆಗೆಯುವ ಪುಟವನ್ನಂತೂ ತಪ್ಪಿಸಬೇಡಿ. ಬೆಟೆಲ್‌ಜ್ಯೂಸ್, ಅಂದರೆ ನಮ್ಮ ಆರ್ದ್ರಾ, ಹಾಕಿ 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ನೋಡಿ. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಆ ಮಹಾದೈತ್ಯ 1.6ರವರೆಗೆ ಇಳಿದದ್ದು ಕಣ್ಣಿಗೆ ಕಟ್ಟುತ್ತದೆ. ತಾನೇ ಉಗುಳಿದ ಅನಿಲ ದೂಳಾಗಿ ಅದರ ಮುಖಕ್ಕೇ ಅಡ್ಡ ಬಂದಿತ್ತು.

ಬೈನಾಕ್ಯುಲರ್ ಮಾತ್ರ ಪರೀಕ್ಷೆ ಮಾಡಿ ಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದ ನನ್ನ ಮೊದಲನೆಯದರಲ್ಲಿ ಒಂದೇ ನಕ್ಷತ್ರ ಎರಡಾಗಿ ಕಾಣುತ್ತಿತ್ತು, ಎರಡು ಕೊಳವೆ ಒಂದೇ ಕಡೆ ನೋಡುತ್ತಿರಲಿಲ್ಲ. ವಾಪಸ್ ಮಾಡಲು ತಿಂಗಳು ಹಿಡಿಯಿತು.

ಅಂದಾಜು ಕಳಿಸಲು ಉಚಿತ ಖಾತೆ, ಒಂದು ವೀಕ್ಷಕ ಸಂಕೇತ ಸಾಕು. ಸಮಯವನ್ನು ವಿಶ್ವ ಸಮಯದಲ್ಲಿ (ಯುಟಿ) ಹಾಕಬೇಕು, ಅದಕ್ಕೆ ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಿರಿ, ನಮ್ಮ ರಾತ್ರಿ 8:30 ಅಂದರೆ ಯುಟಿಯಲ್ಲಿ 15:00. ಕಳಿಸಿದ ಮೇಲೆ ಗ್ರಾಫ್ ತೆಗೆದು ನಿಮ್ಮ ಸಂಕೇತ ಹಾಕಿ ನೋಡಿ. ಯಾವ್ಯಾವುದೋ ದೇಶದವರ ಚುಕ್ಕೆಗಳ ನಡುವೆ ನಿಮ್ಮದೂ ಎದ್ದು ಕಾಣುತ್ತದೆ.