ಲೂಯಿಸ್–ಶ್ಮೆಲಿಂಗ್: 1936ರ ಪಂದ್ಯವೋ, 1938ರದ್ದೋ?

ಅಮೆರಿಕದ ಕರಿಯ ಬಾಕ್ಸರ್ ಜೋ ಲೂಯಿಸ್, ಜರ್ಮನಿಯ ಬಾಕ್ಸರ್ ಮ್ಯಾಕ್ಸ್ ಶ್ಮೆಲಿಂಗ್ ಎರಡು ಸಲ ಸೆಣಸಿದ್ದೂ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲೇ. ಎಲ್ಲರೂ ಹುಡುಕಿಕೊಂಡು ಹೋಗುವುದು 1938ರ ಫಿಲ್ಮನ್ನು. ಬಾಕ್ಸಿಂಗ್ ಕಲಿಯುವವರು ಕೂತು ನೋಡಬೇಕಾದದ್ದು ಮಾತ್ರ 1936ರದ್ದು.

ಕಾರಣ ಲೂಯಿಸನ ಎಡಗೈ. ಜಾಬ್ (ಮುಂದಿನ ಕೈಯನ್ನು ನೇರ ಚಾಚಿ ಹೊಡೆಯುವ ಚುರುಕು ಗುದ್ದು) ಹೊಡೆದ ಕೈ ಹೋದ ದಾರಿಯಲ್ಲೇ ಗಲ್ಲದ ಪಕ್ಕಕ್ಕೆ ವಾಪಸ್ ಬರಬೇಕು. ಅವನದು ಕೆಳಗಿಳಿದು ಬರುತ್ತಿತ್ತು. ಆ ಅರೆಗಳಿಗೆ ಎಡ ದವಡೆಗೆ ಕಾವಲೇ ಇಲ್ಲ. ಲೂಯಿಸನ ಹಿಂದಿನ ಪಂದ್ಯಗಳನ್ನು ನೋಡಿಯೇ ಶ್ಮೆಲಿಂಗ್ ಇದನ್ನು ಪತ್ತೆ ಹಚ್ಚಿದ್ದ. ಗಲ್ಲವನ್ನು ಎಡಭುಜದ ಮರೆಗೆ ಒತ್ತಿ, ಮೈಯನ್ನು ಹಿಂಗಾಲಿನ ಮೇಲೆ ಇಟ್ಟು, ಜಾಬ್ ಮುಗಿಯುವುದನ್ನೇ ಕಾದು ಬಲಗೈ ಬಿಡುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಲೂಯಿಸ್ ನೆಲಕ್ಕುರುಳಿದ; ಹನ್ನೆರಡನೆಯದರಲ್ಲಿ ನಾಕೌಟ್. ಒಂದೇ ತಪ್ಪಿಗೆ ಅಷ್ಟು ಹೊತ್ತು ದಂಡ ತೆತ್ತದ್ದು! ಮೊದಲ ಮೂರು ಸುತ್ತುಗಳನ್ನು ಸದ್ದು ತೆಗೆದು, ಆ ಎಡ ಮುಷ್ಟಿಯೊಂದರ ಮೇಲೇ ಕಣ್ಣಿಟ್ಟು ನೋಡಿ. ಬಲಗೈ ಯಾವಾಗ ಬರುತ್ತದೆಂದು ಮೊದಲೇ ಹೇಳಬಹುದು.

1938ರದ್ದು 124 ಸೆಕೆಂಡಿನ ಆಟ, ಗೆದ್ದವನು ಲೂಯಿಸ್. ಶ್ಮೆಲಿಂಗಿಗೆ ಕಾಯಲು ಜಾಗವೇ ಸಿಗಲಿಲ್ಲ, ಹಗ್ಗಕ್ಕೆ ಒರಗಿಯೇ ಏಟು ತಿಂದ. ಅವನು ಹೊಡೆದದ್ದು ಎರಡೇ ಗುದ್ದು ಎನ್ನುತ್ತಾರೆ. ಮೈ ತಿರುಗಿಸಿದಾಗ ಪಕ್ಕೆಯ ಹಿಂಬದಿಗೆ ಬಿದ್ದ ಲೂಯಿಸನ ಬಲಗೈ ಏಟಿನಿಂದ ಬೆನ್ನುಮೂಳೆಗೇ ಪೆಟ್ಟಾಯಿತು. ನಿಧಾನಗತಿಯಲ್ಲಿ ನೋಡದಿದ್ದರೆ ಇದು ಕಣ್ತಪ್ಪುತ್ತದೆ.

ಆದರೂ ಈ ಪಂದ್ಯಕ್ಕೆ ಇಷ್ಟು ಹೆಸರು ಏಕೆ? ಎಲ್ಲ ರಾಜಕೀಯ. 1937ರಲ್ಲಿ ವಿಶ್ವ ಹೆವಿವೇಟ್ ಚಾಂಪಿಯನ್ ಬ್ರ್ಯಾಡಕ್ ಎದುರು ನಿಲ್ಲುವ ಸರದಿ ಶ್ಮೆಲಿಂಗನದಾಗಿತ್ತು. ಪಟ್ಟ ನಾಜಿ ಜರ್ಮನಿಯ ಪಾಲಾದೀತೆಂಬ ಅಂಜಿಕೆ, ಬಹಿಷ್ಕಾರದ ಬೆದರಿಕೆ ನಡುವೆ ಆ ಅವಕಾಶ ಲೂಯಿಸನಿಗೆ ಹೋಯಿತು, ಅವನೇ ಗೆದ್ದ. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದ. ಜೂನಿನಲ್ಲಿ ಇವರಿಬ್ಬರ ಮುಷ್ಟಿಗಳೇ ದೇಶಗಳಾದವು. ಅಸಲಿಗೆ ಶ್ಮೆಲಿಂಗ್ ನಾಜಿ ಪಕ್ಷದ ಸದಸ್ಯನಲ್ಲ, ಅವನ ಅಮೆರಿಕದ ಮ್ಯಾನೇಜರ್ ಜೋ ಜೇಕಬ್ಸ್ ಯಹೂದಿ. ಆ ನವೆಂಬರಿನಲ್ಲಿ ಜರ್ಮನಿಯ ಯಹೂದಿಗಳ ಮೇಲೆ ನಾಜಿಗಳು ನಡೆಸಿದ ಹಿಂಸಾಚಾರದಲ್ಲಿ ಇಬ್ಬರು ಯಹೂದಿ ಹುಡುಗರನ್ನು ಬಚ್ಚಿಟ್ಟು ಕಾಪಾಡಿದವನೂ ಶ್ಮೆಲಿಂಗನೇ. ಅತ್ತ ಅಮೆರಿಕದ ಪ್ರತಿನಿಧಿ ಎನಿಸಿಕೊಂಡ ಲೂಯಿಸ್ ಆಗ ತನ್ನಂಥ ಕರಿಯರನ್ನು ಬೇರೆ ಸಾಲಿನಲ್ಲಿ ಕೂರಿಸುತ್ತಿದ್ದ ದೇಶದವನು.

ಇತಿಹಾಸದ ಕುತೂಹಲವಿದ್ದು ಹೊತ್ತು ಕಡಿಮೆ ಇದ್ದರೆ 1938ರದ್ದು ಸಾಕು. ಸ್ವತಃ ಗ್ಲೌಸ್ ಹಾಕುವವರು ಮುಕ್ಕಾಲು ಗಂಟೆ ಮೀಸಲಿಟ್ಟು 1936ರದ್ದನ್ನೇ ನೋಡಿ. ಅದೂ ಹೆಚ್ಚೆನಿಸಿದರೆ ಮೊದಲ ನಾಲ್ಕು ಸುತ್ತನ್ನಾದರೂ ಪೂರ್ತಿ ನೋಡಿ.