ಸಿಸಿಲಿ ಸುತ್ತಲು ಕಾರು ಹಿಡಿಯುವವರೇ, ಮೊದಲು ಕಾರ್ಡಿನ ಮೇಲಿನ ಹೆಸರು ನೋಡಿ

ಸಿಸಿಲಿ ದ್ವೀಪವನ್ನು ಬಾಡಿಗೆ ಕಾರಿನಲ್ಲಿ ಸುತ್ತಬೇಕೆಂದು ಯೋಜನೆ ಹಾಕುತ್ತಿರುವವರು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಓದಿಕೊಳ್ಳಲಿ. ಅಲ್ಲಿನ ಚಾಲಕರು ಒರಟರು, ಒಳನಾಡಿನ ರಸ್ತೆಗಳು ಕೆಟ್ಟವು ಎಂದು ಎಲ್ಲರೂ ಹೆದರಿಸುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ ಸಂಜೆ ಆರು ಗಂಟೆಗೆ ಗಾಡಿ ಓಡಿಸಿದವರಿಗೆ ಅದೇನೂ ಲೆಕ್ಕಕ್ಕಿಲ್ಲ. ನಮ್ಮ ಹಣ ಹೋದದ್ದು ರಸ್ತೆಯಲ್ಲಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಂದಿಷ್ಟು ಹೋಯಿತು, ಹಳೆಯ ಪೇಟೆಯ ಕ್ಯಾಮೆರಾಗಳೆದುರು ಒಂದಿಷ್ಟು ಹೋಯಿತು, ಉಳಿದದ್ದು ನಾವು ಊರಿಗೆ ಮರಳಿ ಸೂಟ್‌ಕೇಸ್ ಅಟ್ಟಕ್ಕೆ ಹಾಕಿದ ಮೇಲೆ ಬ್ಯಾಂಕ್ ಖಾತೆಯಿಂದ ಸದ್ದಿಲ್ಲದೆ ಹೋಯಿತು.

ಯುಗಾದಿ ಕಳೆದ ಮೇಲೆ ಹೊರಟವರು ನಾವು ನಾಲ್ವರು: ನಾನು, ನನ್ನ ಹೆಂಡತಿ, ಅವಳ ಅಕ್ಕ ಮತ್ತು ನನ್ನ ಷಡ್ಡಕರು. ಕಾರು ಓಡಿಸುವವರು ಷಡ್ಡಕರೊಬ್ಬರೇ. ನನಗೆ ಓಡಿಸಲು ಬಾರದು. ಕತಾನಿಯಾದಲ್ಲಿ ಇಳಿದು, ಸಿರಾಕೂಸಾ, ನೋತೊ, ರಗೂಸಾ ನೋಡಿಕೊಂಡು, ಅಗ್ರಿಜೆಂತೊದ ಗ್ರೀಕ್ ದೇಗುಲಗಳ ಕಣಿವೆ, ತ್ರಾಪಾನಿಯ ಉಪ್ಪಿನ ಗದ್ದೆಗಳು, ಪಲೆರ್ಮೊ, ಚೆಫಲೂ, ತಾವೊರ್ಮಿನಾ ದಾಟಿ ಮತ್ತೆ ಕತಾನಿಯಾಕ್ಕೆ ಬರುವುದು ಎಂಬ ಲೆಕ್ಕ. ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪವಾದರೂ ಸಿಸಿಲಿಯ ವಿಸ್ತಾರ ಸುಮಾರು 25,700 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಏಳನೆಯ ಒಂದು ಪಾಲಿಗೂ ಕಡಿಮೆ. ಸುತ್ತಿ ಬರುವುದು ಕಷ್ಟವಲ್ಲ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ವಿಷಯದಲ್ಲಿ ನಮಗೆ ತೊಂದರೆಯಾಗಲಿಲ್ಲ. ಆರ್‌ಟಿಒ ಕಚೇರಿಗೆ ನಮೂನೆ 4ಎ ಕೊಟ್ಟು, 1,000 ರೂಪಾಯಿ ಶುಲ್ಕ ಕಟ್ಟಿದರೆ ಒಂದು ವರ್ಷಕ್ಕೆ ಸಿಗುತ್ತದೆ. ಯಾರೂ ಕೇಳುವುದಿಲ್ಲ ಬಿಡಿ ಎಂದು ಹೇಳುವವರ ಮಾತು ಕೇಳಬೇಡಿ. ಕೌಂಟರಿನಲ್ಲಿ ಮೊದಲು ಕೇಳಿದ್ದೇ ಅದನ್ನು, ಜೊತೆಗೆ ಇಲ್ಲಿನ ಮೂಲ ಪರವಾನಗಿಯನ್ನೂ.

ಅವರು ಎರಡನೆಯದಾಗಿ ಕೇಳಿದ್ದು ಕ್ರೆಡಿಟ್ ಕಾರ್ಡನ್ನು. ನಾನು ನನ್ನದನ್ನು ಮುಂದಿಟ್ಟೆ. ಕೌಂಟರಿನಲ್ಲಿದ್ದ ಯುವತಿ ಕಾರ್ಡಿನ ಮೇಲಿನ ಹೆಸರು ನೋಡಿ, ಪರವಾನಗಿಯ ಮೇಲಿನ ಹೆಸರು ನೋಡಿ, ಕಾರ್ಡನ್ನು ನನ್ನ ಕಡೆಗೇ ಹಿಂದಕ್ಕೆ ತಳ್ಳಿದಳು. ಮುಖ್ಯ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕಂತೆ. ಅದರಲ್ಲಿ 1,500 ಯೂರೋ, ಅಂದರೆ ಹೆಚ್ಚುಕಡಿಮೆ ಒಂದೂವರೆ ಲಕ್ಷ ರೂಪಾಯಿ, ಠೇವಣಿಯಾಗಿ ತಡೆಹಿಡಿಯುತ್ತಾರಂತೆ.

“ಭಾವ, ಅವರಿಗೆ ನಿಮ್ಮ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕಂತೆ” ಎಂದೆ.

“ನನ್ನ ಹತ್ತಿರ ಇರುವುದು ಪಿಂಚಣಿ ಖಾತೆಯ ಡೆಬಿಟ್ ಕಾರ್ಡ್ ಒಂದೇ ಕಣಪ್ಪ. ಸಾಲದ ಕಾರ್ಡು ನಾನು ಜನ್ಮದಲ್ಲಿ ಮುಟ್ಟಿದವನಲ್ಲ” ಎಂದರು ಅವರು, ಸ್ವಲ್ಪ ಹೆಮ್ಮೆಯಿಂದಲೇ.

ನಾವು ಕಾರು ಕಾಯ್ದಿರಿಸಿದ್ದು ಹಲವು ಕಂಪನಿಗಳ ದರ ಹೋಲಿಸಿ ತೋರಿಸುವ ಒಂದು ಜಾಲತಾಣದ ಮೂಲಕ. ಅಲ್ಲಿ ಹಣ ಕಟ್ಟುವ ಪುಟದಲ್ಲಿ ಈ ಷರತ್ತು ಇರಲಿಲ್ಲ. ಹಣ ಕಟ್ಟಿದ ಮೇಲೆ ಬಂದ ಇಟಾಲಿಯನ್ ಭಾಷೆಯ ಉದ್ದನೆಯ ಕಡತದಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಜಾಲತಾಣದವರಿಗೆ ಕರೆ ಮಾಡಿದರೆ ಕಂಪನಿಯವರನ್ನು ಕೇಳಿ ಎಂದರು. ಕಂಪನಿಯವರು ಜಾಲತಾಣದವರನ್ನು ಕೇಳಿ ಎಂದರು. ಕಾರು ಬೇಡವೆಂದು ಹಿಂತಿರುಗಿದರೆ ಕಟ್ಟಿದ ಹಣ ಮುಳುಗುತ್ತದೆ. ಕಾರು ಬೇಕೆಂದರೆ ದಾರಿ ಒಂದೇ: ಕಂಪನಿಯ ಸ್ವಂತ ಪೂರ್ಣ ವಿಮೆಯನ್ನು ಅಲ್ಲೇ ಕೊಂಡರೆ ಡೆಬಿಟ್ ಕಾರ್ಡನ್ನೂ ಒಪ್ಪುತ್ತಾರೆ, ಠೇವಣಿಯೂ ಸಣ್ಣದಾಗುತ್ತದೆ. ದಿನಕ್ಕೆ 14 ಯೂರೋ ಬಾಡಿಗೆಯ ಪುಟ್ಟ ಕಾರಿಗೆ ದಿನಕ್ಕೆ 32 ಯೂರೋ ವಿಮೆ. ಮೂಗಿಗಿಂತ ಮೂಗುತಿ ಭಾರ.

ವಿಮೆ ಆಗಲೇ ಕೊಂಡಿದ್ದೇವೆ, ಜಾಲತಾಣದಲ್ಲಿ ‘ಪೂರ್ಣ ರಕ್ಷಣೆ’ಗೆ ಪ್ರತ್ಯೇಕ ಹಣ ಕಟ್ಟಿದ್ದೇವೆ ಎಂದು ನಾನು ಕಾಗದ ತೋರಿಸಿದೆ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಇಂಥ ಮಾತಿಗೆ ಬರುವ ಉತ್ತರ ಏನಿರುತ್ತದೆಂದು ಗೊತ್ತಿತ್ತು, ಆದರೂ ತೋರಿಸಿದೆ. ಅದು ನಮ್ಮ ವಿಮೆಯಲ್ಲ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದಳು. ಇಲ್ಲಿ ಎರಡು ಬಗೆಯ ವಿಮೆಗಳಿವೆ ಎಂಬುದನ್ನು ಓದುಗರು ಬಿಡಿಸಿ ತಿಳಿಯಬೇಕು. ಮಧ್ಯವರ್ತಿ ಜಾಲತಾಣಗಳು ಮಾರುವುದು ಮರುಪಾವತಿಯ ವಿಮೆ: ಕಾರಿಗೆ ಗೀರು ಬಿದ್ದರೆ ಬಾಡಿಗೆ ಕಂಪನಿ ಮೊದಲು ನಿಮ್ಮ ಕಾರ್ಡಿನಿಂದ ಹಣ ಕಿತ್ತುಕೊಳ್ಳುತ್ತದೆ, ನೀವು ರಸೀದಿಗಳನ್ನು ಕಳಿಸಿ, ಕಾದು, ವಿಮೆಯವರಿಂದ ವಾಪಸು ಪಡೆಯಬೇಕು. ಅದರಿಂದ ಠೇವಣಿಯಲ್ಲಿ ಒಂದು ಯೂರೋ ಕೂಡ ಕಡಿಮೆಯಾಗುವುದಿಲ್ಲ. ಕಂಪನಿಯ ಸ್ವಂತ ವಿಮೆ ಮಾತ್ರ ಠೇವಣಿಯನ್ನು ತಗ್ಗಿಸುತ್ತದೆ. ಎರಡನ್ನೂ ಕೊಂಡರೆ ಒಂದು ದಂಡ. ಪಾಪ, ಕೌಂಟರಿನ ಯುವತಿಯದೇನೂ ತಪ್ಪಿಲ್ಲ. ಅವಳು ದಿನಕ್ಕೆ ಇಂಥ ಮುಖಗಳನ್ನು ಎಷ್ಟು ನೋಡುತ್ತಾಳೋ. ಸಿಟ್ಟು ಇರುವುದು ಈ ಎರಡೂ ವಿಮೆಗೆ ಒಂದೇ ಹೆಸರಿಟ್ಟು ಮಾರುವವರ ಮೇಲೆ.

ಹಣ ಕಟ್ಟುವಾಗ ಯಂತ್ರ ಇನ್ನೊಂದು ಪ್ರಶ್ನೆ ಕೇಳಿತು: ಯೂರೋದಲ್ಲೋ, ರೂಪಾಯಿಯಲ್ಲೋ? ಇಂಥ ಕಡೆ ಯಾವತ್ತೂ ಯೂರೋ ಎನ್ನಿ. ರೂಪಾಯಿ ಎಂದರೆ ಪರಿವರ್ತನೆಯ ದರವನ್ನು ಆ ಯಂತ್ರದವರು ತಮಗೆ ಬೇಕಾದಂತೆ ಇಟ್ಟುಕೊಳ್ಳುತ್ತಾರೆ. ಇಲ್ಲಿ ಯಂತ್ರ ನಮ್ಮ ಕೈಗೆ ಬರುವ ಮೊದಲೇ ಕೌಂಟರಿನವರು ರೂಪಾಯಿ ಒತ್ತಲು ಹೊರಟಿದ್ದರು. ಷಡ್ಡಕರ ಕೈಗಿಂತ ನನ್ನ ಕೈ ಮುಂದೆ ಹೋಯಿತು. ಊರು ಬಿಡುವ ಮೊದಲು ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್ ಮೂಲಕ ತೆರೆದಿಟ್ಟುಕೊಳ್ಳಿ, ಮಿತಿಯನ್ನೂ ನೋಡಿಕೊಳ್ಳಿ. ಆ ಕೌಂಟರಿನ ಮುಂದೆ ನಿಂತು ಒಟಿಪಿ ಬರಲಿಲ್ಲವೆಂದು ಪರದಾಡುವುದು ಬೇಡ.

ಈ ಗಲಾಟೆಯಲ್ಲಿ ಒಂದು ಮಧ್ಯಾಹ್ನ ಕಳೆದುಹೋಯಿತು. ಪಿಯಾತ್ಸಾ ಅರ್ಮೆರಿನಾ ಬಳಿಯ ರೋಮನ್ ಬಂಗಲೆಯ ನೆಲದ ಚಿತ್ತಾರಗಳನ್ನು ನೋಡುವ ಕನಸು ಅಲ್ಲಿಗೇ ಮುಗಿಯಿತು. ನಾಲ್ಕನೆಯ ಶತಮಾನದ ಆ ಬಂಗಲೆಯಲ್ಲಿ ಬಣ್ಣದ ಕಲ್ಲಿನ ಚೂರುಗಳಲ್ಲಿ ಕೂರಿಸಿದ ಬೇಟೆಯ ದೃಶ್ಯವೊಂದಿದೆ. ಅದರ ತುದಿಯಲ್ಲಿ ಆನೆಯ ದಂತ ಹಿಡಿದ ಹೆಣ್ಣೊಬ್ಬಳು ಕುಳಿತಿದ್ದಾಳೆ, ಅವಳು ಭಾರತವೆಂದು ಹಲವರು ಗುರುತಿಸುತ್ತಾರೆ. ಅವಳನ್ನು ನೋಡಬೇಕೆಂದೇ ನಾನು ಆ ದಾರಿಯನ್ನು ಯೋಜನೆಗೆ ಸೇರಿಸಿದ್ದೆ. ಮೊದಲ ದಿನಕ್ಕೆ ದೂರದ ಊರನ್ನು ಇಟ್ಟುಕೊಳ್ಳಬೇಡಿ; ಕಾರು ಕೈಗೆ ಬರುವ ಹೊತ್ತು ಯಾರ ಕೈಯಲ್ಲೂ ಇಲ್ಲ.

ಇನ್ನು ಕ್ಯಾಮೆರಾಗಳ ಕತೆ. ಇಟಲಿಯ ಹಳೆಯ ಪೇಟೆಗಳ ಒಳಗೆ ನಿಗದಿತ ಹೊತ್ತಿನಲ್ಲಿ ಪರವಾನಗಿಯಿಲ್ಲದ ವಾಹನ ಹೋಗುವಂತಿಲ್ಲ. ಬಿಳಿ ವೃತ್ತಕ್ಕೆ ಕೆಂಪು ಅಂಚು, ಜೊತೆಗೆ ಝಡ್‌ಟಿಎಲ್ ಎಂಬ ಮೂರು ಅಕ್ಷರ, ಇದೇ ಫಲಕ. ತಡೆಗೋಲಿಲ್ಲ, ಪೊಲೀಸರಿಲ್ಲ, ಸೀಟಿಯಿಲ್ಲ. ಕ್ಯಾಮೆರಾ ಕಾರಿನ ಸಂಖ್ಯೆಯನ್ನು ತೆಗೆದುಕೊಂಡು ಸುಮ್ಮನಾಗುತ್ತದೆ. ಪಲೆರ್ಮೊದಲ್ಲಿದೆ, ಸಿರಾಕೂಸಾದ ಒರ್ತೀಜಿಯಾ ನಡುಗಡ್ಡೆಯಲ್ಲಿದೆ, ಕತಾನಿಯಾದಲ್ಲೂ ಇದೆ. ಹೊತ್ತು ಊರಿಂದ ಊರಿಗೆ ಬೇರೆ. ಕೆಲವು ಕಡೆ ಫಲಕದ ಪಕ್ಕ ದೀಪದ ಅಕ್ಷರಗಳಲ್ಲಿ ‘ವಾರ್ಕೊ ಅತ್ತೀವೊ’ ಎಂದು ಬರುತ್ತದೆ. ದ್ವಾರ ತೆರೆದಿದೆ ಎಂದುಕೊಂಡು ನುಗ್ಗಬೇಡಿ. ಕ್ಯಾಮೆರಾ ಕೆಲಸ ಮಾಡುತ್ತಿದೆ, ಹೋಗಬೇಡಿ ಎಂದು ಅದರ ಅರ್ಥ. ಮೊಬೈಲ್ ನಕ್ಷೆ ಇದನ್ನೆಲ್ಲ ಎಚ್ಚರಿಸುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಅದು ಹತ್ತಿರದ ದಾರಿಯನ್ನು ತೋರಿಸುತ್ತದೆ, ಅಷ್ಟೆ.

ಪಲೆರ್ಮೊದಲ್ಲಿ ನಮ್ಮ ವಸತಿ ಈ ವಲಯದ ಒಳಗೇ ಇತ್ತು. ಒಳಗೆ ತಂಗುವವರ ಕಾರಿನ ಸಂಖ್ಯೆಯನ್ನು ವಸತಿಯವರು ನೋಂದಾಯಿಸುವ ವ್ಯವಸ್ಥೆ ಹಲವು ಊರುಗಳಲ್ಲಿದೆ. ನಾವು ಪಲೆರ್ಮೊ ತಲುಪುವ ಮೊದಲೇ ಸಂಖ್ಯೆ ಕಳಿಸಿದ್ದೆವು, ಆಯಿತು ಎಂದು ಅವರು ಉತ್ತರಿಸಿದ್ದರು. ಆದರೆ ಅವರು ಬಂದ ದಿನಕ್ಕೆ ಮಾತ್ರ ನೋಂದಾಯಿಸಿದ್ದರು ಎಂಬುದು ತಿಳಿದದ್ದು ಶ್ರಾವಣದ ಹೊತ್ತಿಗೆ, ಷಡ್ಡಕರ ಖಾತೆಯಿಂದ 48 ಯೂರೋ ಎರಡು ಸಲ ಕಡಿತವಾದಾಗ. ಅದು ದಂಡವಲ್ಲ! ಪೊಲೀಸರು ಕೇಳಿದಾಗ ಚಾಲಕರ ಹೆಸರು ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಹಾಕಿದ ಶುಲ್ಕ. ಹೊರಗೆ ಹೋಗಿ ಮತ್ತೆ ಒಳಗೆ ಬಂದದ್ದಕ್ಕೆ ಎರಡು ಉಲ್ಲಂಘನೆ. ಒಂದೊಂದು ಪ್ರವೇಶವೂ ಬೇರೆ ಬೇರೆ ಲೆಕ್ಕ. ಒಟಿಪಿ ಕೇಳದೆಯೇ ಕಡಿತವಾಗಿತ್ತು, ಏಕೆಂದರೆ ಕಾರು ಪಡೆಯುವಾಗ ಸಹಿ ಮಾಡಿದ ಕರಾರಿನಲ್ಲಿ ಮುಂದಿನ ಬಾಕಿಗಳನ್ನೂ ಅದೇ ಕಾರ್ಡಿಗೆ ಹಾಕಬಹುದೆಂಬ ಸಾಲು ಇರುತ್ತದೆ.

ನಿಜವಾದ ದಂಡದ ಕಾಗದ ನೋಂದಾಯಿತ ಅಂಚೆಯಲ್ಲಿ ಮೈಸೂರಿಗೆ ಬಂದದ್ದು ಗೊಂಬೆ ಕೂರಿಸುವ ಹೊತ್ತಿಗೆ. ಅಷ್ಟು ದಿನವಾದ ಮೇಲೆ ಬಂದ ನೋಟಿಸಿಗೆ ಬೆಲೆಯಿಲ್ಲ ಎಂದು ನೆಂಟರೊಬ್ಬರು ಸಲಹೆ ಕೊಟ್ಟರು. ಅದು ಸುಳ್ಳು. ವಿದೇಶದಲ್ಲಿ ವಾಸಿಸುವವರಿಗೆ ನೋಟಿಸು ತಲುಪಿಸಲು ಇಟಲಿಯ ಸಂಚಾರ ಕಾನೂನು 360 ದಿನ ಅವಕಾಶ ಕೊಡುತ್ತದೆ. ಒಂದೊಂದಕ್ಕೆ ಮೂಲ ದಂಡವೇ 80 ಯೂರೋ ದಾಟುತ್ತದೆ, ಅಂಚೆಯ ವೆಚ್ಚ ಬೇರೆ. ಕೈಗೆ ಬಂದ 5 ದಿನದೊಳಗೆ ಕಟ್ಟಿದರೆ ದಂಡದಲ್ಲಿ ಶೇ 30ರಷ್ಟು ರಿಯಾಯಿತಿ ಇದೆ, ಪೂರ್ಣ ಮೊತ್ತ ಕಟ್ಟಲು 60 ದಿನ. ಆದ್ದರಿಂದ ಅಂಚೆಯವರು ಕಾಗದ ಕೊಟ್ಟ ದಿನವೇ ಒಡೆದು ಓದಿ. ವಸತಿಯವರಿಗೆ ಬರೆದರೆ, ಕ್ಷಮಿಸಿ ಎಂಬ ಒಂದು ಸಾಲಿನ ಉತ್ತರ ಬಂತು. ನೋಂದಣಿಯ ರಸೀದಿಯನ್ನು, ತಂಗುವ ಎಲ್ಲ ದಿನಗಳ ದಿನಾಂಕ ಸಹಿತ, ಅವರಿಂದ ಕೇಳಿ ಪಡೆಯಿರಿ. ಅದಕ್ಕಿಂತಲೂ ನೆಮ್ಮದಿಯ ದಾರಿಯೆಂದರೆ ವಲಯದ ಹೊರಗೆ ನಿಲ್ಲಿಸಿ ನಡೆಯುವುದು. ಒರ್ತೀಜಿಯಾಕ್ಕೆ ತಲೇತೆ ಎಂಬ ನಿಲುಗಡೆ ಇದೆ, ತಾವೊರ್ಮಿನಾಕ್ಕೆ ಲುಂಬಿ ಎಂಬುದಿದೆ, ಅಲ್ಲಿಂದ ಊರೊಳಗೆ ಬಸ್ಸೂ ಇದೆ.

ನಿಲುಗಡೆಯ ಗೆರೆಗಳಲ್ಲಿ ನೀಲಿ ಎಂದರೆ ಹಣ ಕೊಡಬೇಕು, ಬಿಳಿ ಉಚಿತ, ಹಳದಿ ಬೇರೆಯವರಿಗೆ ಮೀಸಲು. ಮೆಸ್ಸೀನಾದ ಕಡೆಯ ಎ18, ಎ20 ಹೆದ್ದಾರಿಗಳಿಗೆ ಸುಂಕವಿದೆ, ಪಲೆರ್ಮೊ ಮತ್ತು ಕತಾನಿಯಾ ನಡುವಿನ ಎ19ಕ್ಕೆ ಇಲ್ಲ. ಆ ಎ19ರ ಹಿಮೇರಾ ಸೇತುವೆ 2015ರ ಏಪ್ರಿಲ್‌ನಲ್ಲಿ ಭೂಕುಸಿತಕ್ಕೆ ಸಿಕ್ಕಿ, ಸರಿಯಾಗಿ ತೆರೆದದ್ದು 2020ರಲ್ಲಿ. ಒಳನಾಡಿನ ರಸ್ತೆಗಳಲ್ಲಿ ನಕ್ಷೆ ತೋರಿಸುವ ಹೊತ್ತನ್ನು ನಂಬದಿರಲು ಅಷ್ಟು ಸಾಕು. ಪಂಪಿನಲ್ಲಿ ಗ್ಯಾಸೋಲಿಯೊ ಎಂದಿದ್ದರೆ ಅದು ಡೀಸೆಲ್, ಬೆನ್ಜೀನಾ ಎಂದರೆ ಪೆಟ್ರೋಲ್. ಊಟದ ಚಿಂತೆಯೇ ಬೇಡ: ಬದನೆಕಾಯಿಯ ಪಾಸ್ತಾ, ಕಪೊನಾತಾ, ಕಡಲೆ ಹಿಟ್ಟನ್ನು ಕರಿದ ಪನೆಲ್ಲೆ ಇರುವ ಊರಿನಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಆದರೆ ಮಧ್ಯಾಹ್ನ ಮೀರಿದರೆ ಅಡುಗೆಮನೆ ಮುಚ್ಚಿ, ಮತ್ತೆ ಬೆಂಕಿ ಕಾಣುವುದು ರಾತ್ರಿ ಏಳೂವರೆಯ ಮೇಲೆ.

ಕಾರು ಹಿಂತಿರುಗಿಸುವಾಗ ಮೂರನೆಯ ಪೆಟ್ಟು. ನಮ್ಮ ವಿಮಾನ ಬೆಳಗಿನ ಜಾವದ್ದು, ಕಚೇರಿ ಮುಚ್ಚಿತ್ತು. ಕೀಲಿಕೈಯನ್ನು ಗೋಡೆಯ ಪೆಟ್ಟಿಗೆಗೆ ಹಾಕಿ ಹೋಗಿ ಎಂದು ಮೊದಲೇ ಹೇಳಿದ್ದರು. ಹಾಗೆ ಹಾಕಿದರೂ ಕಚೇರಿ ತೆರೆದು ಅವರು ಕಾರನ್ನು ನೋಡುವವರೆಗೆ ಹೊಣೆ ಬಾಡಿಗೆಗೆ ಪಡೆದವರದೇ ಎಂಬುದು ಅವರ ಷರತ್ತು. ಊರಿಗೆ ಬಂದ ಮೇಲೆ, ಬಲಗಡೆಯ ಮುಂದಿನ ಚಕ್ರದ ಕ್ಯಾಪಿನ ಮೇಲೆ ಗೀರು ಬಿದ್ದಿದೆ ಎಂದು 180 ಯೂರೋ ಕಡಿತ ಮಾಡಿದರು. ಕೌಂಟರಿನಲ್ಲಿ ಅಷ್ಟು ದುಬಾರಿಗೆ ಕೊಂಡ ‘ಪೂರ್ಣ’ ವಿಮೆ ಏನಾಯಿತು ಎಂದು ಕೇಳಿದರೆ, ಚಕ್ರ, ಗಾಜು, ಕಾರಿನ ತಳಭಾಗ ಅದರಲ್ಲಿ ಸೇರುವುದಿಲ್ಲವಂತೆ.

ಇಲ್ಲಿ ನಮ್ಮನ್ನು ಉಳಿಸಿದ್ದು ನನ್ನ ಹೆಂಡತಿ. ಕಾರು ಪಡೆದ ದಿನ, ನಾನಿನ್ನೂ ವಿಮೆಯ ಸಿಟ್ಟಿನಲ್ಲಿ ಗೊಣಗುತ್ತಿದ್ದಾಗ, ಅವಳು ಮೊಬೈಲ್ ಹಿಡಿದು ಕಾರಿನ ಸುತ್ತ ನಿಧಾನವಾಗಿ ನಡೆದು, ನಾಲ್ಕೂ ಚಕ್ರಗಳ ಹತ್ತಿರ ಕುಳಿತು, ಛಾವಣಿ, ಗಾಜು, ಪೆಟ್ರೋಲಿನ ಮುಳ್ಳು ಎಲ್ಲವನ್ನೂ ವಿಡಿಯೊ ಮಾಡಿದ್ದಳು. ಕಂಪನಿಯವರು ಟ್ಯಾಬ್ಲೆಟ್ ಮೇಲೆ ಸಹಿ ಹಾಕಿಸಿಕೊಂಡ ಚಿತ್ರದಲ್ಲಿ ಕಾರಿಗೆ ಒಂದೂ ಗೀರಿರಲಿಲ್ಲ. ವಿಡಿಯೊದಲ್ಲಿ ಅದೇ ಕ್ಯಾಪಿನ ಅದೇ ಗೀರು ಎದ್ದು ಕಾಣುತ್ತಿತ್ತು. ಕಂಪನಿಗೆ ಕಳಿಸಿದರೆ ಉತ್ತರವಿಲ್ಲ. ಷಡ್ಡಕರ ಬ್ಯಾಂಕಿಗೆ ವಿಡಿಯೊ, ಕರಾರು ಮತ್ತು ಮೇಲ್‌ಗಳನ್ನು ಜೋಡಿಸಿ ತಕರಾರು ಅರ್ಜಿ ಕೊಟ್ಟೆವು. ಕೆಲವು ವಾರಗಳ ಮೇಲೆ 180 ಯೂರೋ ವಾಪಸು ಬಂತು. ಆ 48ರ ಎರಡು ಕಂತು ಬರಲಿಲ್ಲ, ಬರುವುದೂ ಇಲ್ಲ, ಅದು ಕರಾರಿನಲ್ಲಿದೆ.

ಹೋಗಲೇಬೇಕೆನ್ನುವವರು ಬಾಡಿಗೆ ಕಂಪನಿಯಿಂದಲೇ ನೇರವಾಗಿ ಕಾಯ್ದಿರಿಸಿ, ದರ ಸ್ವಲ್ಪ ಹೆಚ್ಚಾದರೂ ಸರಿ. ಓಡಿಸುವವರ ಹೆಸರಿನಲ್ಲಿ ಉಬ್ಬಕ್ಷರದ ಕ್ರೆಡಿಟ್ ಕಾರ್ಡ್, ಅದರಲ್ಲಿ ಠೇವಣಿಗೆ ಸಾಲುವಷ್ಟು ಮಿತಿ ಇರಲಿ. ಕಚೇರಿ ತೆರೆದಿರುವ ಹೊತ್ತಿನಲ್ಲಿ ಹಿಂತಿರುಗಿಸಿ, ಗೀರಿಲ್ಲವೆಂದು ಬರೆಸಿಕೊಳ್ಳಿ. ಓಡಿಸುವವರಿಗೇ ಅಂಥ ಕಾರ್ಡ್ ಇಲ್ಲದಿದ್ದರೆ ಕಾರಿನ ಆಸೆ ಬಿಡಿ. ಕತಾನಿಯಾ ವಿಮಾನ ನಿಲ್ದಾಣದಿಂದಲೇ ಸಿರಾಕೂಸಾಕ್ಕೂ ತಾವೊರ್ಮಿನಾಕ್ಕೂ ಬಸ್ಸುಗಳಿವೆ, ಪಲೆರ್ಮೊಗೆ ಮೂರು ಗಂಟೆಯೊಳಗೆ ತಲುಪಿಸುತ್ತವೆ. ದ್ವೀಪದಲ್ಲಿ ಕಾರು ಓಡಿಸಲೇಬೇಕು, ಬಲಗಡೆಯ ಸಂಚಾರ ಬೇಡ ಎನ್ನುವವರಿಗೆ ಹತ್ತಿರದ ಮಾಲ್ಟಾ ಇದೆ. 1964ರವರೆಗೆ ಬ್ರಿಟಿಷರ ಕೈಯಲ್ಲಿದ್ದುದರಿಂದ ಅಲ್ಲಿ ನಮ್ಮಂತೆ ಎಡಗಡೆಯೇ ಓಡಿಸುತ್ತಾರೆ. ಷಡ್ಡಕರು ಈಗ ಅದರ ನಕ್ಷೆಯನ್ನು ಹರಡಿಕೊಂಡು ಕುಳಿತಿದ್ದಾರೆ. ಕ್ರೆಡಿಟ್ ಕಾರ್ಡಿಗೆ ಇನ್ನೂ ಅರ್ಜಿ ಹಾಕಿಲ್ಲ.