ನೆರೆಯ ಶಾಲೆಯೋ, ವಿಶೇಷ ಶಾಲೆಯೋ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಮಿನಂತೆ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳು ನೆರೆಯ ಸಾಮಾನ್ಯ ಶಾಲೆ, ಅಂಗವಿಕಲ ಮಕ್ಕಳಿಗೆಂದೇ ಇರುವ ವಿಶೇಷ ಶಾಲೆ ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಉಚಿತವಾಗಿ ಕಲಿಯಬಹುದು.

ಉಡುಪಿಯ ಹಳ್ಳಿಯ ಹೆತ್ತವರಿಗೆ ನೆರೆಯ ಶಾಲೆಯ ದೊಡ್ಡ ಅನುಕೂಲವೆಂದರೆ, ಮಗು ಓರಗೆಯವರೊಂದಿಗೆ ತುಳು, ಕನ್ನಡ ಆಡುತ್ತಾ ಬಿಸಿಯೂಟದ ಸಾಲಿನಲ್ಲಿ ಕೂತು ಬೆಳೆಯುವುದು. ಅಲ್ಲಿಯ ನಲಿಕಲಿ ಪದ್ಧತಿಯಲ್ಲಿ ಕಾರ್ಡುಗಳ ಮೂಲಕ ತನ್ನದೇ ವೇಗದಲ್ಲಿ ಮುಂದುವರಿಯಲು ಅವಕಾಶವಿರುವುದು ನಿಧಾನವಾಗಿ ಕಲಿಯುವ ಮಗುವಿಗೆ ಒಗ್ಗುತ್ತದೆಯಾದರೂ, ಸದ್ದು ಸಹಿಸದ ಆಟಿಸಂ ಮಗುವಿಗೆ ಅದೇ ತರಗತಿಯ ಗದ್ದಲ ಹಿಂಸೆಯಾಗಬಹುದು. ಮಳೆಗಾಲದಲ್ಲಿ ಪಾಚಿಗಟ್ಟುವ ಮುರಕಲ್ಲಿನ ಮೆಟ್ಟಿಲುಗಳನ್ನೂ ಶೌಚಾಲಯವನ್ನೂ, ವಿಶೇಷವಾಗಿ ಕಾಲಿಗೆ ಆಧಾರವಾಗಿ ಕ್ಯಾಲಿಪರ್ ಧರಿಸುವ ಮಗುವಾದರೆ, ಖುದ್ದಾಗಿ ನೋಡಿಯೇ ಸೇರಿಸಬೇಕು.

ವಿಶೇಷ ಶಾಲೆಯಲ್ಲಿ ತರಬೇತಾದ ಶಿಕ್ಷಕರ ನಿತ್ಯದ ಗಮನ ಸಿಗುತ್ತದೆ. ದೂರದ ಪ್ರಯಾಣ ಅಥವಾ ಹಾಸ್ಟೆಲ್ ವಾಸ ಅದರ ಬೆಲೆ. ಸಂಜ್ಞಾಭಾಷೆ ಇನ್ನೂ ಬಾರದ ಕಿವುಡ ಮಗುವಿಗೆ ಮೊದಲ ವರ್ಷಗಳಲ್ಲಿ ಇದೇ ಮೇಲೆಂಬುದು ನನ್ನ ಅಭಿಪ್ರಾಯ.